ಬಿಸಿ ಕಡಲಿನ ಹವಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಳಿತದ ಹೊತ್ತಿನಲ್ಲಿ ಹಾಜಿ ಅಲಿ, ವರ್ಲಿಯ ಬಂಡೆಗಳ ಮೇಲೆ ಜನರನ್ನು ಕರೆದುಕೊಂಡು ಹೋಗಿ ಕಡಲ ಜೀವಿಗಳನ್ನು ತೋರಿಸುವ ಹವ್ಯಾಸ ನನಗೆ ಅಂಟಿಕೊಂಡು ಕೆಲವು ವರ್ಷಗಳಾದವು. ಬರುವವರಲ್ಲಿ ಹೆಚ್ಚಿನವರು ಮಾಟುಂಗ, ಡೊಂಬಿವಲಿ, ಮೀರಾ ರೋಡಿನ ಕನ್ನಡದ ಮನೆಗಳವರು. ಅವರಲ್ಲಿ ಅನೇಕರಿಗೆ ದುಬೈಯಲ್ಲೋ ಅಬುಧಾಬಿಯಲ್ಲೋ ಒಬ್ಬ ಅಣ್ಣನೋ ಅಳಿಯನೋ ಇದ್ದೇ ಇರುತ್ತಾನೆ. ಹಾಗಾಗಿ ಮುಂಬಯಿಯ ಬಂಡೆಯಿಂದ ಹೊರಟ ಮಾತು ಹತ್ತು ನಿಮಿಷದಲ್ಲಿ ಪರ್ಶಿಯನ್ ಕೊಲ್ಲಿಯನ್ನು ಮುಟ್ಟುತ್ತದೆ. ಬಂಡೆಯ ಮೇಲೆ ನಿಂತು ಕೇಳಿದ, ಪತ್ರದಲ್ಲಿ ಬರೆದು ಕೇಳಿದ, ಹೋಟೆಲಿನಲ್ಲಿ ಕಾಫಿ ಆರುವವರೆಗೆ ವಾದಿಸಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಲ ಪ್ರಶ್ನೆಗಳು

ಅಕ್ಕಾ, ಉಂಗುರಕ್ಕೆ ಹಾಕುವ ಹವಳ ಇದೇನಾ?

ಅಲ್ಲ. ಜ್ಯೋತಿಷಿಗಳು ಕುಜನಿಗೆಂದು ಹೇಳುವ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನದು. ಬೆಳಕು ಕಡಿಮೆ ಇರುವ ಗುಹೆ, ಬಿರುಕುಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ, ದಿಬ್ಬ ಕಟ್ಟುವುದಿಲ್ಲ. ಈ ಬರಹದಲ್ಲಿ ನಾನು ಹೇಳುವುದು ಬಿಸಿಲನ್ನು ನಂಬಿ ಬದುಕುವ, ಸುಣ್ಣದ ದಿಬ್ಬ ಕಟ್ಟುವ ಹವಳಗಳ ವಿಷಯ. ಎರಡೂ ದೂರದ ಸಂಬಂಧಿಗಳು, ಅಷ್ಟೆ.

ಹವಳ ಕಲ್ಲೋ, ಗಿಡವೋ, ಪ್ರಾಣಿಯೋ? ಒಂದು ಹೇಳಿ.

ಪ್ರಾಣಿ. ಆದರೆ ಹಾಗೆಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ಉಳಿದ ಎರಡೂ ಅಲ್ಲಿವೆ. ಪಾಲಿಪ್ ಎಂಬ ಪುಟ್ಟ, ಮೆತ್ತನೆಯ ಪ್ರಾಣಿ ತನ್ನ ಬುಡದಲ್ಲಿ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ನಮ್ಮೂರಿನಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಚಿಪ್ಪೂ ಈ ಗೂಡೂ ಒಂದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ಪ್ರಾಣಿಯ ಮೈಯ ಕೋಶಗಳೊಳಗೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಕೂತಿರುತ್ತವೆ.

ಮುಂಬಯಿಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಹವಳ ಮನೆಯ ಯಜಮಾನ, ಪಾಚಿ ಬಾಡಿಗೆದಾರ. ಬಾಡಿಗೆ ಸಕ್ಕರೆಯ ರೂಪದಲ್ಲಿ ಸಂದಾಯವಾಗುತ್ತದೆ. ಯಜಮಾನನಿಗೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಈ ಬಾಡಿಗೆಯಿಂದಲೇ ಬರಬಹುದು. ಉಳಿದದ್ದಕ್ಕೆ ಅದು ರಾತ್ರಿ ಕೈ ಚಾಚಿ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಹವಳದ ಕಂದು, ಹಸಿರು ಬಣ್ಣದ ಬಹುಪಾಲು ಬಾಡಿಗೆದಾರನದೇ.

ಬಿಸಿಯಾದರೆ ಆ ಬಾಡಿಗೆದಾರನನ್ನು ಓಡಿಸುವುದು ಏಕೆ? ಅನ್ನ ಹಾಕುವವನನ್ನೇ?

ನೀರು ಮಿತಿ ಮೀರಿ ಬಿಸಿಯಾದಾಗ ಪಾಚಿಯ ಅಡುಗೆಮನೆ, ಅಂದರೆ ಬಿಸಿಲಿನಿಂದ ಸಕ್ಕರೆ ಮಾಡುವ ವ್ಯವಸ್ಥೆ, ಹದ ತಪ್ಪುತ್ತದೆ. ಬೆಳಕು ಬೀಳುತ್ತಲೇ ಇರುತ್ತದೆ, ಅದನ್ನು ಬಳಸಿಕೊಳ್ಳುವ ಯಂತ್ರ ಮಾತ್ರ ಕೆಟ್ಟಿರುತ್ತದೆ. ಆಗ ಸಕ್ಕರೆಯ ಬದಲು ಕೋಶವನ್ನೇ ಸುಡುವಂಥ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಗ್ಯಾಸ್ ಸೋರುವ ಒಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲಾದೀತೇ? ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ತೆಳುವಾದ ಮೈಯ ಮೂಲಕ ಕೆಳಗಿನ ಬಿಳಿ ಸುಣ್ಣ ಕಾಣತೊಡಗುತ್ತದೆ. ಇದೇ ಬಿಳಿಚಿಕೊಳ್ಳುವುದು.

ಬಿಸಿ ಮತ್ತು ಬೆಳಕು ಜೋಡಿಯಾಗಿ ಹೊಡೆಯುತ್ತವೆ ಎಂಬುದನ್ನು ನೆನಪಿಡಿ. ಮುಂಬಯಿಯ ಪ್ರಶ್ನೆಗೆ ಬಂದಾಗ ಅದು ಬೇಕಾಗುತ್ತದೆ.

ಬಿಳಿಯಾದ ಹವಳ ಸತ್ತಂತೆಯೇ?

ಇನ್ನೂ ಇಲ್ಲ. ಅದು ಉಪವಾಸವಿದೆ. ಕೆಲವು ವಾರಗಳೊಳಗೆ ನೀರು ತಣಿದರೆ ಪಾಚಿ ಮತ್ತೆ ಮನೆ ತುಂಬುತ್ತದೆ, ಬಣ್ಣ ಮರಳುತ್ತದೆ. ತಣಿಯದಿದ್ದರೆ ಮೈ ಕರಗಿ, ಬರಿಯ ಸುಣ್ಣದ ಮೇಲೆ ಬೇರೆ ಜಾತಿಯ ಹುಲ್ಲುಪಾಚಿ ಹಬ್ಬುತ್ತದೆ. ಆ ಹಸಿರು ಕಂಡು “ಚೇತರಿಸಿಕೊಂಡಿತು” ಎಂದು ಫೋಟೋ ಕಳುಹಿಸಿದವರು ಇದ್ದಾರೆ. ಅದು ಗೋರಿಯ ಮೇಲಿನ ಹುಲ್ಲು.

## ಬಿಸಿಯ ಲೆಕ್ಕ

ಸುತ್ತಿ ಬಳಸಿ ಹೇಳಬೇಡಿ, ಎಷ್ಟು ಡಿಗ್ರಿಗೆ ಹವಳ ಬಿಳಿಚುತ್ತದೆ?

ಊರು ಯಾವುದು ಎಂದು ಹೇಳದೆ ಆ ಸಂಖ್ಯೆ ಹೇಳಲಾಗುವುದಿಲ್ಲ. ಜನವರಿಯಲ್ಲಿ ಪಾರಾ 18ಕ್ಕೆ ಇಳಿದರೆ ಮುಂಬಯಿಯವರು ಸ್ವೆಟರ್ ಹುಡುಕುತ್ತಾರೆ, ದೆಹಲಿಯಿಂದ ಬಂದವನು ನಗುತ್ತಾನೆ. ಹವಳದ ಸಂಗತಿಯೂ ಹಾಗೆಯೇ. ಪ್ರತಿ ಜಾಗದ ಹವಳವೂ ತನ್ನೂರಿನ ಅತಿ ಬೆಚ್ಚನೆಯ ತಿಂಗಳಿಗೆ ಹೊಂದಿಕೊಂಡಿರುತ್ತದೆ. ಆ ತಿಂಗಳ ಸರಾಸರಿಗಿಂತ ಸುಮಾರು 1 ಡಿಗ್ರಿ ಮೇಲೇರಿ ನೀರು ಅಲ್ಲೇ ನಿಂತರೆ ಸಂಕಟ ಶುರು. ಹಾಗಾಗಿ ಒಂದು ಕಡೆ 30 ಡಿಗ್ರಿ ಮಾರಕ, ಇನ್ನೊಂದು ಕಡೆ 34 ಡಿಗ್ರಿ ಮಾಮೂಲಿ ಬೇಸಿಗೆ.

ಈ ಬರಹದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನೇ ಓದಿ ಎನ್ನುತ್ತೇನೆ. ಬಿಸಿ ಕಡಲಿನ ಹವಳದ ಬಗ್ಗೆ ನಾನು ಕೇಳಿದ ತಪ್ಪು ಕಲ್ಪನೆಗಳಲ್ಲಿ ಮುಕ್ಕಾಲು ಪಾಲು “ಡಿಗ್ರಿ ಎಂದರೆ ಎಲ್ಲ ಕಡೆಯೂ ಒಂದೇ” ಎಂಬ ನಂಬಿಕೆಯಿಂದ ಹುಟ್ಟಿದವು.

ಬರೀ ಒಂದು ಡಿಗ್ರಿಗೆ ಇಷ್ಟು ರಂಪವೇ?

ಏರಿಕೆ ಎಷ್ಟು ಎಂಬುದರ ಜೊತೆಗೆ ಎಷ್ಟು ದಿನ ಎಂಬುದೂ ಮುಖ್ಯ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ಉಪಗ್ರಹದ ಅಳತೆಗಳಿಂದ ಒಂದು ಲೆಕ್ಕ ಇಡುತ್ತದೆ. ಅದನ್ನು ಡಿಗ್ರಿ-ವಾರ ಎನ್ನೋಣ. ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ 1 ಡಿಗ್ರಿ ಹೆಚ್ಚಿನ ಬಿಸಿ 4 ವಾರ ಇದ್ದರೆ 4 ಡಿಗ್ರಿ-ವಾರ, 2 ಡಿಗ್ರಿ ಹೆಚ್ಚು 2 ವಾರ ಇದ್ದರೂ 4. ಹಿಂದಿನ 12 ವಾರಗಳನ್ನು ಕೂಡಿಸುತ್ತಾರೆ. 4 ತಲುಪಿದರೆ ಬಿಳಿಚುವುದು ಕಾಣಿಸುತ್ತದೆ, 8 ದಾಟಿದರೆ ಸಾವುಗಳೂ ಆಗುತ್ತವೆ. ಇತ್ತೀಚೆಗೆ ಈ ಎಚ್ಚರಿಕೆಯ ಪಟ್ಟಿಗೆ ಇನ್ನೂ ಮೇಲಿನ ಹಂತಗಳನ್ನು ಸೇರಿಸಬೇಕಾಯಿತು. ಕೊನೆಯದು 20 ಡಿಗ್ರಿ-ವಾರಕ್ಕೆ.

ಕಡಲು ಹಿಂದೆಯೂ ಬಿಸಿಯಾಗುತ್ತಿತ್ತು, ಆರುತ್ತಿತ್ತು. ಈಗ ಹೊಸದೇನು?

ಬಿಡುವು ಇಲ್ಲದಿರುವುದು. ಜಗತ್ತಿನಾದ್ಯಂತ ಏಕಕಾಲಕ್ಕೆ ಹವಳ ಬಿಳಿಚಿದ ಮೊದಲ ಘಟನೆ 1998ರದು. ಎರಡನೆಯದು 2010ರಲ್ಲಿ, ಮೂರನೆಯದು 2014ರಿಂದ 2017ರವರೆಗೆ, ನಾಲ್ಕನೆಯದನ್ನು ಏಪ್ರಿಲ್ 2024ರಲ್ಲಿ ಘೋಷಿಸಿದರು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022, 2024 ಎಂದು ಸರಣಿಯೇ ನಡೆಯಿತು. ಗುಂಡು ಕಲ್ಲಿನಂತೆ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ವರ್ಷದ ಬಿಡುವಿನಲ್ಲಿ ಅದು ಎಷ್ಟು ಕಟ್ಟಿಕೊಂಡೀತು?

ನಮ್ಮ ಲಕ್ಷದ್ವೀಪವೂ 1998, 2010, 2016ರ ಹೊಡೆತಗಳನ್ನು ಉಂಡಿದೆ. ಭೂಮಿಯ ಸರಾಸರಿ ತಾಪ 1.5 ಡಿಗ್ರಿ ಏರಿದರೆ ಬೆಚ್ಚನೆಯ ನೀರಿನ ಹವಳಗಳಲ್ಲಿ ಶೇಕಡಾ 70ರಿಂದ 90, 2 ಡಿಗ್ರಿ ಏರಿದರೆ ಶೇಕಡಾ 99ಕ್ಕಿಂತ ಹೆಚ್ಚು ನಷ್ಟವಾಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರ ವರದಿಯಲ್ಲಿ ಹೇಳಿತ್ತು.

## ಗಲ್ಫಿನ ಹವಳಗಳು

ನಮ್ಮ ಭಾವ ಅಬುಧಾಬಿಯಲ್ಲಿದ್ದಾರೆ. ಆಗಸ್ಟಿನಲ್ಲಿ ಅಲ್ಲಿಯ ಕಡಲು ಸ್ನಾನದ ನೀರಿನಂತೆ ಇರುತ್ತದೆ ಎನ್ನುತ್ತಾರೆ. ಅಲ್ಲಿ ಹವಳ ಇರುವುದು ನಿಜವೇ?

ನಿಜ, ಭಾವ ಹೇಳಿದ್ದೂ ನಿಜ. ಪರ್ಶಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್. ಕಡಲಿನ ಲೆಕ್ಕದಲ್ಲಿ ಅದು ಪರಾತದಲ್ಲಿ ಹರಡಿದ ನೀರು. ಸುತ್ತ ಮರುಭೂಮಿ, ಹೊರಗಿನ ಸಾಗರಕ್ಕೆ ಹೊರ್ಮುಜ್ ಎಂಬ ಒಂದೇ ಕಿರಿದಾದ ಬಾಗಿಲು. ಬೇಸಿಗೆಯಲ್ಲಿ ದಕ್ಷಿಣ ದಂಡೆಯ ನೀರು 34 ದಾಟಿ 36 ಡಿಗ್ರಿಯ ಹತ್ತಿರ ಹೋಗುತ್ತದೆ. ಚಳಿಗಾಲದಲ್ಲಿ ಅದೇ ನೀರು 20ಕ್ಕಿಂತ ಕೆಳಗೆ ಇಳಿಯುತ್ತದೆ. ನೀರು ಆವಿಯಾಗುವುದು ಹೆಚ್ಚು, ಸೇರುವ ನದಿನೀರು ಕಡಿಮೆ. ಹಾಗಾಗಿ ಸಾಮಾನ್ಯ ಕಡಲಿನಲ್ಲಿ ಕಿಲೋಗೆ 35 ಗ್ರಾಂ ಉಪ್ಪಿದ್ದರೆ ಅಲ್ಲಿ 40 ದಾಟುತ್ತದೆ.

ಬೇರೆ ಕಡೆಯ ಹವಳವನ್ನು ಅಲ್ಲಿ ಒಂದು ಆಗಸ್ಟ್ ಇಟ್ಟರೆ ಉಳಿಯುವುದು ಕಷ್ಟ. ಅಲ್ಲಿಯವು ಬದುಕಿವೆ, ಮೊಟ್ಟೆ ಇಡುತ್ತವೆ, ಮೀನಿಗೆ ಮನೆಯಾಗುತ್ತವೆ. ಆದರೆ ಸಂಸಾರ ಚಿಕ್ಕದು. ಆಸ್ಟ್ರೇಲಿಯಾದ ದಿಬ್ಬಗಳಲ್ಲಿ ಸುಮಾರು 400 ಜಾತಿಯ ಗಟ್ಟಿ ಹವಳಗಳಿದ್ದರೆ ಕೊಲ್ಲಿಯಲ್ಲಿ ಕೆಲವು ಹತ್ತುಗಳಷ್ಟು ಮಾತ್ರ.

ಆ ಬಿಸಿ ತಡೆಯುವ ಗುಟ್ಟು ಯಾರ ಬಳಿ ಇದೆ, ಹವಳದ ಬಳಿಯೋ ಪಾಚಿಯ ಬಳಿಯೋ?

ಇಬ್ಬರ ಬಳಿಯೂ ಇದೆ. ಸುದ್ದಿಯಾದದ್ದು ಮಾತ್ರ ಪಾಚಿ. 2015ರಲ್ಲಿ ಕೊಲ್ಲಿಯ ಹವಳಗಳೊಳಗಿನ ಒಂದು ಪಾಚಿಯನ್ನು ಹೊಸ ಜಾತಿಯೆಂದು ಗುರುತಿಸಿ, ಬಿಸಿಯನ್ನು ಮೆಚ್ಚುವುದು ಎಂಬ ಅರ್ಥದ ಥರ್ಮೋಫಿಲಮ್ ಎಂಬ ಹೆಸರಿಟ್ಟರು. ಈಗ ಅದರ ಪೂರ್ತಿ ಹೆಸರು ಕ್ಲಾಡೊಕೋಪಿಯಮ್ ಥರ್ಮೋಫಿಲಮ್. ಕೊಲ್ಲಿಯ ದಕ್ಷಿಣ ಭಾಗದ ಅನೇಕ ಜಾತಿಯ ಹವಳಗಳಲ್ಲಿ ವರ್ಷವಿಡೀ ಇದೇ ಬಾಡಿಗೆದಾರ.

ಅದರರ್ಥ ಯಜಮಾನ ಸುಮ್ಮನೆ ಕುಳಿತಿದ್ದಾನೆ ಎಂದಲ್ಲ. ಬಿಸಿಗೆ ಮುದುಡುವ ಪ್ರೋಟೀನುಗಳನ್ನು ನೆಟ್ಟಗೆ ಹಿಡಿದಿಡುವುದು, ಉಗ್ರ ಆಮ್ಲಜನಕವನ್ನು ತಣಿಸುವುದು ಹವಳದ ಸ್ವಂತ ವಂಶವಾಹಿಗಳ ಕೆಲಸ. ಪಾಚಿ ಇನ್ನೂ ಒಳಗೆ ಸೇರಿರದ ಮರಿಹವಳಗಳೂ ಅಲ್ಲಿ ಬೇರೆ ಕಡೆಯ ಮರಿಗಳಿಗಿಂತ ಹೆಚ್ಚು ಬಿಸಿ ತಾಳುತ್ತವೆ. ಬಾಡಿಗೆದಾರನೇ ಇಲ್ಲದ ಮನೆಯೂ ತಾಳಿತೆಂದರೆ ಗೋಡೆ ಗಟ್ಟಿ ಎಂದಾಯಿತಲ್ಲ.

ಇಂಥ ಶಕ್ತಿ ಬರಲು ಕೋಟಿ ವರ್ಷ ಹಿಡಿದಿರಬೇಕು ಅಲ್ಲವೇ?

ಇಲ್ಲ, ಬೆರಗಿನ ವಿಷಯವೇ ಅದು. ಕಳೆದ ಹಿಮಯುಗದ ಉತ್ತುಂಗದಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. 35 ಮೀಟರ್ ಆಳದ ಕೊಲ್ಲಿ ಆಗ ಎಲ್ಲಿರಬೇಕು? ಅದು ಒಣ ನೆಲ, ನದಿ ಹರಿಯುವ ಕಣಿವೆ. ಹಿಮ ಕರಗಿ ಕಡಲು ಒಳಗೆ ನುಗ್ಗಿ ಈಗಿನ ದಂಡೆಗೆ ಬಂದು ನಿಂತದ್ದು ಸುಮಾರು 6,000 ವರ್ಷಗಳ ಹಿಂದೆ. ಹವಳಗಳು ಅಲ್ಲಿಗೆ ಬಂದದ್ದು ಆ ನೀರಿನ ಜೊತೆಗೆ.

ಆದರೆ ಇದನ್ನು ಕೇಳಿ “ಹಾಗಾದರೆ ಉಳಿದವೂ ಬೇಗ ಕಲಿಯುತ್ತವೆ” ಎಂದು ಕೈ ತಟ್ಟುವವರನ್ನು ನಾನು ತಡೆಯುತ್ತೇನೆ. ಬಿಸಿ ತಾಳುವ ಪಾಚಿಯ ಸಂಬಂಧಿಗಳು ಕೊಲ್ಲಿಯ ಹೊರಗೂ ವಿರಳವಾಗಿ ಇವೆ. ಕೊಲ್ಲಿಯಲ್ಲಿ ನಡೆದದ್ದು ಹೊಸ ಆವಿಷ್ಕಾರಕ್ಕಿಂತ ಹೆಚ್ಚಾಗಿ ಇದ್ದುದರಲ್ಲೇ ಆಯ್ಕೆ. ಅದಕ್ಕೂ ಸಾವಿರಾರು ವರ್ಷ ಸಿಕ್ಕಿತ್ತು. ಈಗಿನ ಹವಳಗಳಿಗೆ ಸಿಗುತ್ತಿರುವುದು ದಶಕಗಳು.

ಅಂತೂ ಗಲ್ಫಿನ ಹವಳಕ್ಕೆ ಇನ್ನು ಭಯವಿಲ್ಲ ಎನ್ನಿ.

ಎನ್ನಲಾರೆ. 34 ಡಿಗ್ರಿ ತಾಳುವವನಿಗೂ ತನ್ನದೇ ಗೆರೆ ಇದೆ, ಅವನು ಆ ಗೆರೆಯ ಪಕ್ಕದಲ್ಲೇ ಮಲಗಿದ್ದಾನೆ. 1996 ಮತ್ತು 1998ರ ಬೇಸಿಗೆಗಳಲ್ಲಿ ಮೇಜಿನಂತೆ ಹರಡಿಕೊಂಡಿದ್ದ ಆಕ್ರೊಪೊರಾ ಹವಳಗಳು ದಕ್ಷಿಣ ಕೊಲ್ಲಿಯ ಬಹುಭಾಗದಲ್ಲಿ ನೆಲಸಮವಾದವು. 2017ರಲ್ಲಿ ಅಬುಧಾಬಿಯ ದಿಬ್ಬಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹವಳಗಳೂ ಬಿಳಿಚಿದವು, ಮರುವರ್ಷದ ಹೊತ್ತಿಗೆ ಸುಮಾರು ಮೂರರಲ್ಲಿ ಎರಡು ಪಾಲು ಸತ್ತಿದ್ದವು.

ಆ ವರ್ಷದ ಒಂದು ಕಾರಣ ಗಾಳಿ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ನೀರನ್ನು ಆವಿಯಾಗಿಸಿ ತಣಿಸುತ್ತದೆ, ನಾವು ಬಸಿಗೆ ಸುರಿದ ಚಹಾವನ್ನು ಊದಿದಂತೆ. 2017ರಲ್ಲಿ ಆ ಗಾಳಿ ದೀರ್ಘಕಾಲ ಬೀಸಲಿಲ್ಲ. ಗಲ್ಫಿನಲ್ಲಿರುವವರು ಶಮಾಲ್ ಎಂದರೆ ಕಣ್ಣಿಗೆ ಮರಳು ಎಂದು ಬೈಯುತ್ತಾರೆ. ಹವಳಕ್ಕೆ ಅದೇ ಫ್ಯಾನ್.

ಕೆಂಪು ಸಮುದ್ರದ ಹವಳಗಳದ್ದೂ ಇದೇ ಕತೆಯೇ?

ಬೇರೆ ಕತೆ, ನನಗೆ ಹೆಚ್ಚು ಇಷ್ಟವಾದದ್ದು. ಕೆಂಪು ಸಮುದ್ರದ ಉತ್ತರ ತುದಿಯಾದ ಅಕಾಬಾ ಕೊಲ್ಲಿಯಲ್ಲಿ ಬೇಸಿಗೆಯ ನೀರು ಸುಮಾರು 27 ಡಿಗ್ರಿ. ಆದರೂ ಅಲ್ಲಿಯ ಹವಳಗಳನ್ನು ತೊಟ್ಟಿಯಲ್ಲಿಟ್ಟು ಬಿಸಿ ಮಾಡಿದಾಗ ಅವು ಹಲವು ಡಿಗ್ರಿ ಹೆಚ್ಚಿನ ತಾಪವನ್ನು ತಾಳಿದವು. ಮೇಲಿನ “ಒಂದು ಡಿಗ್ರಿ” ನಿಯಮಕ್ಕೆ ಇದು ಅಪವಾದ.

ವಿಜ್ಞಾನಿಗಳು ಕೊಡುವ ವಿವರಣೆ ಹೀಗಿದೆ. ಹಿಮಯುಗದ ನಂತರ ಹವಳದ ಮರಿಗಳು ಈ ಕಡಲಿಗೆ ಮರಳಿದ್ದು ದಕ್ಷಿಣದ ಬಾಬ್ ಎಲ್ ಮಂಡೆಬ್ ಜಲಸಂಧಿಯಿಂದ. ಅಲ್ಲಿಯ ನೀರು ಬಲು ಬಿಸಿ. ತಲೆಮಾರುಗಳ ಕಾಲ ಉತ್ತರಕ್ಕೆ ಸರಿಯುತ್ತ ಬಂದವುಗಳಲ್ಲಿ ಬಿಸಿ ತಾಳಿದವು ಮಾತ್ರ ದಾಟಿದವು. ತಂಪಿನ ಉತ್ತರದಲ್ಲಿ ನೆಲೆಸಿದ ಮೇಲೂ ಆ ತಾಳಿಕೆ ವಂಶದಲ್ಲಿ ಉಳಿಯಿತು. ಗಲ್ಫಿನ ಹವಳ ಇರುವುದನ್ನೆಲ್ಲ ಖರ್ಚು ಮಾಡಿ ಬದುಕುತ್ತಿದ್ದರೆ, ಅಕಾಬಾದ ಹವಳದ ಹತ್ತಿರ ಅಜ್ಜನ ಕಾಲದ ಠೇವಣಿ ಇದೆ.

## ನಮ್ಮ ದಂಡೆ

ಮುಂಬಯಿಯ ಈ ಕೊಳಕು ನೀರಿನಲ್ಲೂ ಹವಳ ಬದುಕಿದೆಯಲ್ಲ, ಇದು ಗಲ್ಫಿನದಕ್ಕಿಂತ ಗಟ್ಟಿ ಅಲ್ಲವೇ?

ಗಟ್ಟಿ ಹೌದು, ಬೇರೆ ಪರೀಕ್ಷೆಯಲ್ಲಿ. ಇಲ್ಲಿಯ ಬಂಡೆಗಳಿಗೆ ಅಂಟಿಕೊಂಡಿರುವ ಚಿಕ್ಕ ಹವಳಗಳು ಕೆಸರು, ಮಳೆಗಾಲದ ಸಿಹಿನೀರು, ಚರಂಡಿ ಎಲ್ಲವನ್ನೂ ಸಹಿಸುತ್ತವೆ. ದಿಬ್ಬ ಕಟ್ಟುವಷ್ಟು ಮಾತ್ರ ಬೆಳೆಯುವುದಿಲ್ಲ. ಕೆಸರು ನೀರು ಉಸಿರುಗಟ್ಟಿಸುತ್ತದೆ, ಅದೇ ಕೆಸರು ಬಿಸಿಲಿಗೆ ಕೊಡೆಯೂ ಆಗುತ್ತದೆ. ಬಿಸಿ ಮತ್ತು ಬೆಳಕು ಜೋಡಿ ಎಂದೆನಲ್ಲ, ಇಲ್ಲಿ ಜೋಡಿಯಲ್ಲಿ ಒಬ್ಬ ಅರ್ಧ ರಜೆಯಲ್ಲಿರುತ್ತಾನೆ.

ಇನ್ನೊಂದು ಅದೃಷ್ಟವೂ ಇದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ಉಬ್ಬರ ನಡುಹಗಲಿನ ಹೊತ್ತಿಗೆ, ದೊಡ್ಡ ಇಳಿತ ಬೆಳಗ್ಗೆ ಮತ್ತು ಸಂಜೆಗೆ ಬೀಳುತ್ತದೆ. ಅಂದರೆ ಬಂಡೆಗಳು ಪೂರ್ತಿ ತೆರೆದುಕೊಳ್ಳುವಾಗ ಸೂರ್ಯ ತಲೆಯ ಮೇಲೆ ಇರುವುದಿಲ್ಲ. ನಡಿಗೆಗೆ ನಸುಕಿನಲ್ಲಿ ಎಬ್ಬಿಸುತ್ತೀರಿ ಎಂದು ಗೊಣಗುವವರಿಗೂ ಇದೇ ಉತ್ತರ.

ಕೋಸ್ಟಲ್ ರೋಡಿಗಾಗಿ ಹವಳಗಳನ್ನು ಎತ್ತಿ ಬೇರೆ ಕಡೆ ಇಟ್ಟರಂತೆ?

ಹೌದು. 2020ರಲ್ಲಿ ಹಾಜಿ ಅಲಿ ಮತ್ತು ವರ್ಲಿಯಿಂದ 18 ಹವಳ ಗುಂಪುಗಳನ್ನು ಸ್ಥಳಾಂತರಿಸಿದರು. ಆ ಸುದ್ದಿ ಬಂದಾಗಲೇ ಈ ಊರಿನ ಬಹಳ ಮಂದಿಗೆ ಇಲ್ಲಿ ಹವಳ ಇರುವುದು ಗೊತ್ತಾದದ್ದು.

ಸತ್ತ ಹವಳದ ಒಂದು ತುಂಡು ಶೋಕೇಸಿಗೆ ತರಬಹುದೇ?

ಬೇಡ. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಸತ್ತದ್ದು, ದಂಡೆಗೆ ಬಿದ್ದದ್ದು ಎಂಬ ಸಬೂಬು ನಡೆಯುವುದಿಲ್ಲ.

## ಆಳಕ್ಕೆ ಇಳಿಯುವವರಿಗೆ

ಮಕ್ಕಳಿಗೆ ಈಜು ಕಲಿಸಿದಂತೆ ಹವಳಕ್ಕೆ ಬಿಸಿಯನ್ನು ರೂಢಿ ಮಾಡಿಸಲಾಗದೇ?

ಒಂದು ಮಟ್ಟಿಗೆ ಆಗುತ್ತದೆ. ಅಮೆರಿಕನ್ ಸಮೋವಾದ ಒಫು ದ್ವೀಪದಲ್ಲಿ ಅಕ್ಕಪಕ್ಕದಲ್ಲೇ ಎರಡು ಕಡಲಕೊಳಗಳಿವೆ. ಒಂದರಲ್ಲಿ ಇಳಿತದ ಹೊತ್ತಿಗೆ ನೀರು 34 ಡಿಗ್ರಿ ದಾಟುತ್ತದೆ, ಇನ್ನೊಂದು ಅಷ್ಟು ಕಾಯುವುದಿಲ್ಲ. ತಂಪು ಕೊಳದ ಹವಳಗಳನ್ನು ಬಿಸಿ ಕೊಳಕ್ಕೆ ಬದಲಾಯಿಸಿದಾಗ ಅವು ಎರಡು ವರ್ಷದೊಳಗೆ ಹೆಚ್ಚಿನ ಬಿಸಿ ತಾಳುವುದನ್ನು ಕಲಿತವು. 2014ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆದರೆ ಅಲ್ಲಿಯೇ ಹುಟ್ಟಿ ಬೆಳೆದವುಗಳ ಮಟ್ಟವನ್ನು ಅವು ಮುಟ್ಟಲಿಲ್ಲ. ಆ ಬಿಸಿ ದಿನಕ್ಕೆ ಕೆಲವು ಗಂಟೆ ಬಂದು ಹೋಗುವಂಥದ್ದು ಎಂಬುದನ್ನೂ ಗಮನಿಸಿ. ಬಂದು ಹೋಗುವ ಬಿಸಿ ವ್ಯಾಯಾಮ. ವಾರಗಟ್ಟಲೆ ಕೂತುಕೊಳ್ಳುವ ಬಿಸಿ ಜ್ವರ.

ಯಜಮಾನ ಹಾಗೇ ಇರಲಿ, ಬಾಡಿಗೆದಾರನನ್ನು ಬದಲಾಯಿಸಿದರೆ?

ಕೆಲವು ಹವಳಗಳು ತಾವೇ ಇದನ್ನು ಮಾಡುತ್ತವೆ. ಬಿಳಿಚಿ ಚೇತರಿಸಿಕೊಳ್ಳುವಾಗ ಡುರುಸ್ಡಿನಿಯಮ್ ಎಂಬ ಗುಂಪಿನ, ಬಿಸಿ ತಾಳುವ ಪಾಚಿಗಳಿಗೆ ಮನೆ ಕೊಡುತ್ತವೆ. ಆಸ್ಟ್ರೇಲಿಯಾದ ಒಂದು ಆಕ್ರೊಪೊರಾ ಜಾತಿಯಲ್ಲಿ ಇದರಿಂದ 1ರಿಂದ 1.5 ಡಿಗ್ರಿಯಷ್ಟು ಹೆಚ್ಚುವರಿ ತಾಳಿಕೆ ಬಂದದ್ದನ್ನು 2006ರಲ್ಲಿ ವರದಿ ಮಾಡಿದರು. ದೊಡ್ಡ ಲಾಭವೇ ಸರಿ. ಆದರೆ ಈ ಬಾಡಿಗೆದಾರ ಜಿಪುಣ. ಸಕ್ಕರೆ ಕಡಿಮೆ ಕೊಡುತ್ತಾನೆ, ಹವಳ ನಿಧಾನವಾಗಿ ಬೆಳೆಯುತ್ತದೆ. ತಂಪಿನ ವರ್ಷಗಳು ಬಂದಾಗ ಹಳೆಯ ಬಾಡಿಗೆದಾರನೇ ಮರಳುವುದೂ ಉಂಟು.

ಹಡಗಿನಲ್ಲಿ ಗಲ್ಫಿನ ಹವಳ ತಂದು ನಮ್ಮ ನೇತ್ರಾಣಿ ದ್ವೀಪದಲ್ಲಿ ನೆಟ್ಟರೆ ಆಯಿತಲ್ಲ?

ಮುರ್ಡೇಶ್ವರದ ಕಡೆಯವರು ಇದನ್ನು ಪ್ರೀತಿಯಿಂದ ಕೇಳುತ್ತಾರೆ, ಅದಕ್ಕೆ ಗಂಭೀರವಾಗಿಯೇ ಉತ್ತರಿಸುತ್ತೇನೆ. ತೊಡಕು ಉಪ್ಪಿನದು. ಕೊಲ್ಲಿಯ ಹವಳಗಳನ್ನು ಸಾಮಾನ್ಯ ಕಡಲಿನ ಉಪ್ಪಿನ ಮಟ್ಟದಲ್ಲಿ ಇಟ್ಟು ಬಿಸಿ ಮಾಡಿದ ಪ್ರಯೋಗದಲ್ಲಿ ಅವುಗಳ ಹೆಸರುವಾಸಿ ತಾಳಿಕೆ ಕುಸಿಯಿತು. ಅವುಗಳ ಪಾಚಿ ಬಿಸಿಗೆ ಮಾತ್ರವಲ್ಲ, ಬಿಸಿ ಮತ್ತು ಉಪ್ಪು ಎರಡಕ್ಕೂ ಸೇರಿಸಿಯೇ ಹದಗೊಂಡಿದೆ. ಅರಬ್ಬೀ ಸಮುದ್ರದ ನಮ್ಮ ದಂಡೆಯಲ್ಲಿ ಆ ಉಪ್ಪು ಎಲ್ಲಿಂದ ತರುವುದು? ಅದರ ಮೇಲೆ ಜೂನ್ ತಿಂಗಳ ಮಳೆನೀರು ಬೇರೆ. ಜೊತೆಗೆ ಬರುವ ರೋಗಾಣು, ಪರದೇಶದ ಜೀವಿಗಳ ಅಪಾಯವನ್ನು ನಾನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಹಾಗಾದರೆ ಹೈಬ್ರಿಡ್ ಭತ್ತದಂತೆ ಹೈಬ್ರಿಡ್ ಹವಳ?

ಸದ್ಯಕ್ಕೆ ಹೆಚ್ಚು ಆಸೆ ಹುಟ್ಟಿಸಿರುವ ದಾರಿ ಇದು. ಪ್ಲಾಟಿಗೈರಾ ಡಿಡೇಲಿಯಾ ಎಂಬ, ಮಿದುಳಿನ ಮಡಿಕೆಗಳಂತೆ ಕಾಣುವ ಹವಳವಿದೆ. ಒಂದೇ ಹವಳ ಮೊಟ್ಟೆಯನ್ನೂ ವೀರ್ಯವನ್ನೂ ಪೊಟ್ಟಣ ಕಟ್ಟಿ ನೀರಿಗೆ ಬಿಡುತ್ತದೆ. ಪರ್ಶಿಯನ್ ಕೊಲ್ಲಿಯ ಹವಳದ ವೀರ್ಯವನ್ನು ಹೊರಗಿನ, ಅಷ್ಟು ಬಿಸಿಯಿಲ್ಲದ ಕಡಲಿನ ಹವಳದ ಮೊಟ್ಟೆಗೆ ಸೇರಿಸಿ ಹುಟ್ಟಿಸಿದ ಮರಿಗಳು ಬಿಸಿನೀರಿನಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬದುಕಿದವು. ಮರಿಗೆ ಪಾಚಿ ಹೊರಗಿನಿಂದ ಆಮೇಲೆ ಸಿಗುವುದರಿಂದ, ಇಲ್ಲಿ ಸಾಗಿ ಬಂದದ್ದು ಯಜಮಾನನ ಗುಣ. ಉಪ್ಪಿಗೆ ಅಂಟಿಕೊಂಡ ಬಾಡಿಗೆದಾರನನ್ನು ಹೊತ್ತು ತರುವ ತೊಡಕು ಈ ದಾರಿಯಲ್ಲಿಲ್ಲ.

ಆದರೆ ಭತ್ತದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಭತ್ತ ನಾಲ್ಕು ತಿಂಗಳಿಗೆ ತೆನೆ ಕೊಡುತ್ತದೆ. ಈ ಹವಳಗಳು ಮೊಟ್ಟೆ ಬಿಡುವುದು ವರ್ಷಕ್ಕೆ ಕೆಲವೇ ರಾತ್ರಿ, ಹುಣ್ಣಿಮೆಯ ಆಸುಪಾಸಿನಲ್ಲಿ. ಆ ರಾತ್ರಿ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಹುಟ್ಟಿದ ಮರಿ ಬಂಡೆಗೆ ಅಂಟಿ, ಮೀನಿನ ಬಾಯಿಗೂ ಕೆಸರಿಗೂ ಸಿಗದೆ ಉಳಿದು, ತಾನೇ ಮೊಟ್ಟೆ ಬಿಡುವಷ್ಟು ದೊಡ್ಡದಾಗಲು ಇನ್ನೂ ಹಲವು ವರ್ಷ ಬೇಕು. ಅಷ್ಟರೊಳಗೆ ಶಮಾಲ್ ಬೀಸದ ಬೇಸಿಗೆ ಇನ್ನೊಂದು ಬರದಿದ್ದರೆ.